ಒಲೆ ಸುತ್ತು

ಆ ಮನೆಯಲ್ಲಿ ಹಾಡು ಹುಟ್ಟುತ್ತಿದ್ದುದು ಅಡುಗೆಮನೆಯ ಹೊಸ್ತಿಲಲ್ಲಿ. ನಡುಮನೆಯಲ್ಲಿ ಗಂಡ, ಮೈದುನ ಮರದ ಗಿಟಾರು ಹಿಡಿದು ಕೂರುತ್ತಿದ್ದರು. ಪಕ್ಕದ ಬೀದಿಯ ಕ್ಷೌರಿಕ ಮರದ ಪೆಟ್ಟಿಗೆಯೊಂದನ್ನು ಅಂಗೈಯಲ್ಲಿ ತಟ್ಟುತ್ತಿದ್ದ. ಹಾಡುತ್ತಿದ್ದವಳು ಅತ್ತಿಗೆ. ಮೈದುನ ಹಾಗೆ ಕರೆದನೆಂದು ಕ್ಷೌರಿಕನಿಗೂ ಅತ್ತಿಗೆ, ಕೇಳಲು ಬಂದವರಿಗೂ ಅತ್ತಿಗೆ. ಒಂದು ಕಣ್ಣು ಒಲೆಯ ಮೇಲೆ, ಒಂದು ಕಿವಿ ಗಿಟಾರಿನ ಮೇಲೆ ಇಟ್ಟು, ಬಾಗಿಲಿಗೆ ಒರಗಿ ಹಾಡುವಳು. ಅವರದು ಬ್ಲೂಸ್: ನೋವಿನ ಒಂದು ಸಾಲನ್ನು ಎರಡು ಸಲ ಹೇಳಿ, ಆಮೇಲೆ ಅದಕ್ಕೆ ಉತ್ತರ ಕೊಡುವ ಹಾಡು. ಸಾಲುಗಳೆಲ್ಲ ಅವಳವೇ. ಬಟ್ಟೆ ಹಿಂಡುವಾಗ ಹೊಳೆದವು, ಹಿಟ್ಟು ನಾದುವಾಗ ಕೂಡಿಕೊಂಡವು.

ಹಾಲು ಉಕ್ಕಿದರೆ ಅವಳು ಹಾಡಿನ ನಡುವೆಯೇ ಒಳಗೆ ಓಡಬೇಕಿತ್ತು. ಗಂಡಸರು ನಿಲ್ಲಿಸುತ್ತಿರಲಿಲ್ಲ, ಗಾಣದೆತ್ತಿನ ಹಾಗೆ ಇದ್ದಲ್ಲೇ ಸುತ್ತುತ್ತ ಅವಳು ಬರುವವರೆಗೆ ನುಡಿಸುತ್ತಿದ್ದರು. ಅದಕ್ಕೆ 'ಒಲೆ ಸುತ್ತು' ಎಂದೇ ಹೆಸರು. ಒಲೆಯಿಲ್ಲದ ವೇದಿಕೆಯ ಮೇಲೂ ಅದೇ ಅಭ್ಯಾಸ: ಅವಳು ಬಾಯಿ ಮುಚ್ಚಿದರೆ ಸುತ್ತು, ತೆರೆದರೆ ಮುಂದಿನ ಸಾಲು. ಒಬ್ಬರಾದರೂ ಎದ್ದು ಒಲೆ ನೋಡಿಬರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಅವಳಿಗೂ.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಒಂದು ದಿನ ತನಗೂ ತಮ್ಮನಿಗೂ ಎಲೆಕ್ಟ್ರಿಕ್ ಗಿಟಾರು, ಜೊತೆಗೆ ಸೊಂಟದೆತ್ತರದ ಆಂಪ್ಲಿಫೈಯರ್ ಪೆಟ್ಟಿಗೆ ತಂದ. ಕ್ಷೌರಿಕ ಎಲ್ಲಿಂದಲೋ ಡ್ರಮ್ ಹೊಂದಿಸಿಕೊಂಡ. ಮೊದಲ ತಂತಿ ಮೀಟಿದಾಗ ಕಪಾಟಿನ ಲೋಟಗಳು ನಡುಗಿದವು.

"ಅತ್ತಿಗೆ, ಇನ್ಮೇಲೆ ನಂಗೆ ಕತ್ತರಿ ಬೇಡ. ಗಿರಾಕೀನ ಇದರ ಮುಂದೆ ಕೂರಿಸಿದ್ರೆ ಕೂದಲು ತಾನೇ ಉದುರುತ್ತೆ," ಎಂದ ಕ್ಷೌರಿಕ.

ಅವಳೂ ನಕ್ಕಳು. ನಿಜ ಹೇಳಬೇಕೆಂದರೆ ಅವಳಿಗೆ ಆ ಸದ್ದು ಇಷ್ಟವಾಯಿತು. ಪಕ್ಕೆಲುಬಿನ ಒಳಗಿನಿಂದ ಯಾರೋ ಬಾಗಿಲು ಬಡಿದ ಹಾಗಿತ್ತು. ತನ್ನ ಸಾಲುಗಳಿಗೆ ಬೇಕಿದ್ದುದು ಇದೇ ಅನ್ನಿಸಿತು.

"ನಂಗೂ ಮೈಕ್ ಹಾಕಿಕೊಡಿ."

"ಪೆಟ್ಟಿಗೇಲಿ ವೈರು ಚುಚ್ಚೋಕಿರೋದು ಎರಡೇ ತೂತು ಕಣೆ. ಒಂದು ನಂದು, ಒಂದು ತಮ್ಮಂದು. ನೀನು ಸ್ವಲ್ಪ ಜೋರಾಗಿ ಹಾಡು, ಸಾಕು."

"ನಾನೇನು ರೈಲು ಎಂಜಿನ್ನಾ?"

ಮೈದುನ ನಕ್ಕ. ತನ್ನ ತೂತು ಬಿಟ್ಟುಕೊಡುತ್ತೇನೆಂದು ಮಾತ್ರ ಅನ್ನಲಿಲ್ಲ. ಪೆಟ್ಟಿಗೆಯ ಜೊತೆ ಬಂದ ಮೈಕು ಕಪಾಟಿನ ಮೇಲೆ, ಪ್ಲಾಸ್ಟಿಕ್ಕಿನಲ್ಲೇ ಉಳಿಯಿತು. ಅವಳು ಕೂಗಿ ಕೂಗಿ ಹಾಡಿದಳು, ಗಂಟಲು ಕಟ್ಟಿತು.

ಭಾನುವಾರ ಕಾರ್ಯಕ್ರಮವಿತ್ತು. ಅದಕ್ಕೆ ಮುಂಚಿನ ಒಂದು ಸಂಜೆ, ಹಾಡಿನ ನಡುವೆ ಒಲೆಯ ನೆನಪಾಗಿ ಅವಳು ಒಳಗೆ ಹೋದಳು. ಹೊರಗೆ ಸುತ್ತು ಶುರುವಾಗಲಿಲ್ಲ. ಹಾಡು ಅವಳನ್ನು ಬಿಟ್ಟು ಮುಂದಕ್ಕೆ ಹೋಯಿತು, ಮುಗಿಯಿತು.

ಗಂಡ ಬೆವರು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ. "ಎಷ್ಟು ಚೆನ್ನಾಗಿ ಬಂತು ನೋಡು! ನೀನೂ ಭರ್ಜರಿಯಾಗಿ ಹಾಡ್ದೆ."

ಅವಳ ಕೈಯಲ್ಲಿ ಅರ್ಧ ಹೆಚ್ಚಿದ ಈರುಳ್ಳಿ ಇತ್ತು. ಕಣ್ಣೀರಿಗೆ ನೆಪ ಹುಡುಕಬೇಕಿರಲಿಲ್ಲ.

"ನಾನು ಎರಡನೇ ಸಾಲಿಂದ ಇಲ್ಲೇ ಇದೀನಿ."

"ಹೌದಾ? ಗೊತ್ತೇ ಆಗ್ಲಿಲ್ಲ!" ಅವನು ಕ್ಷಣ ಯೋಚಿಸಿದ. ದನಿಯಲ್ಲಿ ಅಕ್ಕರೆಯೇ ಇತ್ತು. "ಹಾಗಾದ್ರೆ ಭಾನುವಾರ ನೀನು ರೆಸ್ಟ್ ತಗೋ. ಜನಕ್ಕೆ ಬೇಕಿರೋದು ಸದ್ದು. ನಿನ್ನ ಗಂಟಲಿಗೂ ಒಳ್ಳೇದು."

ಮದುವೆಯಾದಂದಿನಿಂದ ಯಾರೂ ಕೊಡದಿದ್ದ ವಿಶ್ರಾಂತಿ ಅವಳಿಗೆ ಸಿಕ್ಕಿದ್ದು, ಅವಳು ಬಿಡಲೊಲ್ಲದ ಒಂದೇ ಒಂದು ಕೆಲಸದಿಂದ.

ಅವರು ಮತ್ತೆ ನುಡಿಸತೊಡಗಿದರು. ಅವಳು ಅನ್ನಕ್ಕಿಟ್ಟಳು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ನಡುಮನೆಗೆ ಬಂದು ಕಪಾಟಿನ ಮೈಕು ಇಳಿಸಿದಳು. ಗಂಡನ ಗಿಟಾರಿನ ವೈರು ಕಿತ್ತು ಅಲ್ಲಿಗೆ ಮೈಕಿನದನ್ನು ಚುಚ್ಚಿದಳು.

"ಏಯ್, ಏನೇ ಮಾಡ್ತಿದ್ದೀಯ?"

"ಒಲೆ ಮೇಲೆ ಅನ್ನ ಇದೆ. ಹೋಗಿ ನೋಡ್ಕೊಂಡು ಬನ್ನಿ. ನೀವು ಬರೋವರೆಗೂ ನಾವು ಸುತ್ತು ಹೊಡೀತಿರ್ತೀವಿ."

ಕ್ಷೌರಿಕನ ಕೈ ಹಳೆಯ ರೂಢಿಯಂತೆ ಸುತ್ತು ಶುರುಮಾಡಿಯೇಬಿಟ್ಟಿತ್ತು. ಮೈದುನ ಅಣ್ಣನ ಮುಖ ನೋಡಿದ, ಅತ್ತಿಗೆಯ ಮುಖ ನೋಡಿದ, ಸೇರಿಕೊಂಡ. ಗಂಡ ಮೂಕಗಿಟಾರು ಹಿಡಿದು ನಿಂತೇ ಇದ್ದ. ಸುತ್ತಿನ ಮೇಲೆ ಸುತ್ತು. ಅನ್ನ ಸೀದ ವಾಸನೆ ಬಂತು. ಅವಳ ಪಾದ ತಾನಾಗಿ ಅಡುಗೆಮನೆಯತ್ತ ತಿರುಗಿತು. ಅದನ್ನು ನೆಲಕ್ಕೆ ಒತ್ತಿ ಹಿಡಿದು ಬಾಯಿ ತೆರೆದಳು. ಪೆಟ್ಟಿಗೆಯಿಂದ ಬಂದ ದನಿಯ ಗುರುತು ಅವಳಿಗೇ ಸಿಗಲಿಲ್ಲ. ಹೆದರಿಕೆಯಾಯಿತು. ಅದೇ ಸಾಲನ್ನು ಎರಡನೆಯ ಸಲ ಹೇಳುವಾಗ ಗಂಡ ಗಿಟಾರು ಕೆಳಗಿಟ್ಟು ಒಳಗೆ ಹೋದ.

ಭಾನುವಾರ ಅವಳು ಹಾಡಿದಳು, ಮೈದುನ ಬಿಟ್ಟುಕೊಟ್ಟ ತೂತಿಗೆ ಮೈಕು ಚುಚ್ಚಿಕೊಂಡು. ಜನ ಎದ್ದು ನಿಂತರು. ವಾಪಸು ಬರುವಾಗ ಗಂಡ ಗಿಟಾರು ಹೊತ್ತು ಎಲ್ಲರಿಗಿಂತ ಮುಂದೆ ನಡೆದ.

ಅಂದು ಅನ್ನ ಸೀದ ಪಾತ್ರೆ ಇನ್ನೂ ಬಚ್ಚಲಲ್ಲಿ ನೆನೆಯುತ್ತ ಕೂತಿತ್ತು. ಎಲ್ಲರೂ ದಾಟಿಕೊಂಡು ಓಡಾಡಿದರು. ಕೊನೆಗೆ ಅದನ್ನು ಉಜ್ಜಿದವಳು ಅವಳೇ. ಉಜ್ಜುವಾಗ ಯಾವ ಸಾಲೂ ಹೊಳೆಯಲಿಲ್ಲ.