ಕಿಟಕಿಗೆ ಕಟ್ಟಿದ ಫೋನು

ನನ್ನ ಫೋನ್ ನಂಬರು ಯಾರದು ಎಂದು ಕೇಳಿದರೆ ನಾನು ಇವತ್ತಿಗೂ ತಬ್ಬಿಬ್ಬಾಗುತ್ತೇನೆ. ಸಿಮ್ಮು ನನ್ನ ಹೆಸರಿನಲ್ಲೇ ಇದೆ, ಕರೆನ್ಸಿ ಹಾಕಿಸುವವಳೂ ನಾನೇ. ಆದರೆ ಅದಕ್ಕೆ ನನಗಾಗಿ ಫೋನು ಬರುವುದು ಯಾವಾಗಲೋ ಒಮ್ಮೆ. ಉಳಿದದ್ದೆಲ್ಲ ಹಾಡಿಯವರಿಗೆ. ಅದು ನನ್ನ ನಂಬರು ಎನ್ನಲು ನಾಲಿಗೆ ತಡವರಿಸುತ್ತದೆ, ಅಲ್ಲ ಎನ್ನಲೂ ಆಗುವುದಿಲ್ಲ.

ನಾನು ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಆದಿವಾಸಿ ಹಾಡಿಯಲ್ಲಿ ಅಂಗನವಾಡಿ ಟೀಚರು. ಮನೆ ಇರುವುದು ಬೀಚನಹಳ್ಳಿಯಲ್ಲಿ. ನಮ್ಮ ಮನೆಯವರಿಗೆ ಅಲ್ಲಿ ನಾಲೆಯ ಮೇಲೆ ಕೆಲಸ. ನಾನು ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಇಳಿದು, ಕಾಡಿನ ಅಂಚು ಹಿಡಿದು ನಡೆಯಬೇಕು. ಆನೆ ದಾರಿಯಲ್ಲಿದೆ ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಬೇಕು. ಮೊದಮೊದಲು ಅಳು ಬರುತ್ತಿತ್ತು, ಆಮೇಲೆ ಆನೆಯ ಮೇಲೆಯೇ ರೇಗುವಷ್ಟು ರೂಢಿಯಾಯಿತು.

ನಂಬರಿನ ಕಥೆ ಶುರುವಾದದ್ದು ರೇಷನ್ ಕಾರ್ಡಿನಿಂದ. ಪಂಚಾಯಿತಿ ಕಚೇರಿಯಲ್ಲಿ ಹಾಡಿಯವರ ಕಾರ್ಡು ಮಾಡುವ ದಿನ ನಾನೂ ಜೊತೆಗೆ ಹೋಗಿದ್ದೆ. ಕಂಪ್ಯೂಟರಿನ ಮುಂದೆ ಕೂತಿದ್ದವನು ಮೊದಲ ಹೆಂಗಸಿನ ಹೆಸರು ಬರೆದುಕೊಂಡು ಮೊಬೈಲ್ ನಂಬರ್ ಹೇಳಿ ಎಂದ. ಅವಳ ಬಳಿ ಮೊಬೈಲು ಎಲ್ಲಿಂದ ಬರಬೇಕು? ಅವಳು ನನ್ನ ಮುಖ ನೋಡಿದಳು. ನಾನು ನನ್ನದೇ ಹೇಳಿದೆ. ಒಬ್ಬಳಿಗೆ ಕೊಟ್ಟ ಮೇಲೆ ಹಿಂದೆ ನಿಂತವಳಿಗೆ ಇಲ್ಲ ಎನ್ನುವುದು ಹೇಗೆ? ಸಂಜೆಯ ಹೊತ್ತಿಗೆ ಇಡೀ ಹಾಡಿಗೆ ಒಂದೇ ನಂಬರು. ಆಮೇಲೆ ಬ್ಯಾಂಕಿಗೂ ಅದೇ, ಆಧಾರಿಗೂ ಅದೇ, ಹೆರಿಗೆ ಕಾರ್ಡಿಗೂ ಅದೇ. ಎಲ್ಲಿ ಕೇಳಿದರೂ ‘ಟೀಚರ್ ನಂಬ್ರೇ ಆಕ್ಕಳಿ ಸಾ’ ಎನ್ನುವುದು ಅವರಿಗೆ ಅಭ್ಯಾಸವಾಗಿ ಹೋಯಿತು. ನನ್ನನ್ನು ಕೇಳುವ ಪದ್ಧತಿಯೂ ನಿಂತಿತು.

ಈಗ ಹಾಡಿಯಲ್ಲಿ ನಾಲ್ಕೈದು ಮೊಬೈಲು ಇವೆ. ಆದರೆ ಟವರ್ ಸಿಗಬೇಕಲ್ಲ. ಅದು ಸಿಗುವುದು ನಮ್ಮ ಅಂಗನವಾಡಿಯ ಪಡುವಣ ಕಿಟಕಿಯಲ್ಲಿ ಮಾತ್ರ, ಅದೂ ಬಲಗಡೆಯ ಮೂಲೆಯಲ್ಲಿ. ಒಂದು ಗೇಣು ಈಚೆ ಬಂದರೆ ಇಲ್ಲ. ಯಾಕೆ ಹಾಗೆ ಎಂದು ಟವರ್ ಕಡೆಯ ಒಬ್ಬರನ್ನು ಕೇಳಿದ್ದೆ. ಅವರು ಬಂದು, ನೋಡಿ, ತಲೆ ಕೆರೆದುಕೊಂಡು ಹೋದರು. ಇಲಾಖೆಯ ಕೆಲಸಕ್ಕೆ ದೊಡ್ಡ ಫೋನು ಬಂದ ಮೇಲೆ ನನ್ನ ಹಳೆಯ ಬಟನ್ ಫೋನನ್ನು ಆ ಮೂಲೆಯಲ್ಲಿಟ್ಟು, ಮಕ್ಕಳು ಎಳೆದು ಬೀಳಿಸಬಾರದೆಂದು ಹಳೆ ಸೀರೆಯ ಅಂಚಿನಿಂದ ಕಿಟಕಿಯ ಸರಳಿಗೆ ಕಟ್ಟಿಬಿಟ್ಟೆ. ಸಂಜೆ ಬಿಚ್ಚಿಕೊಂಡು ಮನೆಗೆ ಹೋಗುತ್ತೇನೆ, ಬೆಳಿಗ್ಗೆ ಬಂದು ಮತ್ತೆ ಕಟ್ಟುತ್ತೇನೆ.

ಅದು ರಿಂಗಾದರೆ ನಾನು ಹಲೋ ಎನ್ನುವುದಿಲ್ಲ. ‘ಯಾರು ಬೇಕಾಗಿತ್ತು?’ ಎನ್ನುತ್ತೇನೆ. ಹೆಸರು ಹೇಳಿದರೆ ‘ಹತ್ತು ನಿಮಿಷ ಬಿಟ್ಟು ಮಾಡಿ, ಕರೆಸುತ್ತೇನೆ’ ಎಂದು ಇಟ್ಟು, ಬಾಗಿಲಿಗೆ ಬಂದು ಕೂಗುತ್ತೇನೆ. ಹತ್ತು ನಿಮಿಷದಲ್ಲಿ ಆ ಮನೆಯವರು ಕಿಟಕಿಯ ಆಚೆ ನಿಂತಿರುತ್ತಾರೆ. ಮನೆಯಲ್ಲೂ ಒಮ್ಮೆ ನಾದಿನಿ ಮಾಡಿದ ಫೋನು ಎತ್ತಿ ಯಾರು ಬೇಕಾಗಿತ್ತು ಎಂದುಬಿಟ್ಟೆ. ನಮ್ಮ ಮನೆಯವರು ಅದನ್ನು ಊರಿಗೆಲ್ಲ ಹೇಳಿ ನಕ್ಕರು.

ಕರೆಗಳೋ, ಒಂದಕ್ಕೊಂದು ಸಂಬಂಧವಿಲ್ಲ. ಕೇರಳದ ಶುಂಠಿ ಹೊಲಕ್ಕೆ ಹೋದ ಗಂಡ ಹೆಂಡತಿಯನ್ನು ಕೇಳುತ್ತಾನೆ. ಅವನ ಹಿಂದೆಯೇ ಮಲಯಾಳಂನಲ್ಲಿ ಇನ್ನೊಬ್ಬರು ಏನೋ ಹೇಳುತ್ತಾರೆ, ನಾನು ಎಲ್ಲಕ್ಕೂ ಸರಿ ಸರಿ ಎನ್ನುತ್ತೇನೆ. ಕೊಡಗಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಸೋಮವಾರ ಜೀಪು ಬರುತ್ತದೆ, ಕಾಫಿ ಕೊಯ್ಯಲು ಆಳು ಹೇಳಿ ಎನ್ನುತ್ತಾರೆ. ನನ್ನನ್ನು ಮೇಸ್ತ್ರಿ ಎಂದುಕೊಂಡಿದ್ದಾರೋ ಏನೋ. ಎಲ್ಲಕ್ಕಿಂತ ತಲೆ ಕೆಡಿಸುವುದು ಒಟಿಪಿ. ಟಣ್ ಎಂದು ಬರುತ್ತದೆ. ಯಾರಿಗೆ? ಯಾವ ಕಚೇರಿಯಿಂದ? ಕೋಟೆಯಲ್ಲಿ ಯಾರೋ ಕೌಂಟರ್ ಮುಂದೆ ನಿಂತು, ಯಾರದೋ ಫೋನಿನಿಂದ ನನಗೆ ಮಾಡಿ, ನಂಬರ್ ಬಂತಾ ಟೀಚರ್ ಎನ್ನುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಯಾವುದು ಯಾರದು ಎಂದು ಗೊತ್ತಾಗದೆ ಎರಡನ್ನೂ ಓದಿ ಹೇಳುತ್ತೇನೆ. ತಪ್ಪು ಎನ್ನುವುದು ನನಗೂ ಗೊತ್ತು. ಸರಿ ಯಾವುದು ಎಂದು ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

ಹೀಗಿರುವಾಗ ಒಂದು ದಿನ ಆರೋಗ್ಯ ಕೇಂದ್ರಕ್ಕೆ ಮೈಸೂರಿನಿಂದ ಬಸ್ಸಿನಂಥ ಗಾಡಿ ಬಂತು. ಒಳಗೆ ಹೆಂಗಸರ ಎದೆಯ ಫೋಟೋ ತೆಗೆಯುವ ಮಿಷನ್. ಗಂಟು ಇದ್ದರೆ ಬೇಗ ತಿಳಿಯುತ್ತದೆ, ಎಲ್ಲರನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿಕಳಿಸಿದ್ದರು. ನಾನು ಹಾಡಿಯ ಹೆಂಗಸರನ್ನು ಹೇಗೋ ಹೊರಡಿಸಿದೆ. ಗಾಡಿಯ ಮೆಟ್ಟಿಲ ತನಕ ಬಂದವರು ಅಲ್ಲೇ ನಿಂತರು. ಒಬ್ಬಳೂ ಒಳಗೆ ಕಾಲಿಡಲೊಲ್ಲಳು. ನನಗೆ ರೇಗಿತು. ಏನು ಮಹಾ, ನೋಡಿ, ಮೊದಲು ನಾನೇ ಹೋಗುತ್ತೇನೆ ಎಂದು ಹತ್ತಿದೆ. ಇಳಿದು ಬಂದು ಏನೂ ಆಗುವುದಿಲ್ಲ ಎಂದೆ. ಆಮೇಲೆ ಒಬ್ಬೊಬ್ಬರೇ ಹತ್ತಿದರು. ಹೆಸರು ಬರೆಯುತ್ತಿದ್ದ ಹುಡುಗಿಗೆ ಎಲ್ಲರೂ ಹೇಳಿದ್ದು ಅದೇ ನಂಬರು.

ಕೆಲವು ವಾರ ಕಳೆದಿತ್ತು. ಮಧ್ಯಾಹ್ನ ಮಕ್ಕಳಿಗೆ ಅನ್ನ ಬಡಿಸುತ್ತಿದ್ದೆ. ನಮ್ಮಲ್ಲಿ ಸಹಾಯಕಿಯ ಹುದ್ದೆ ಖಾಲಿ. ಪಕ್ಕದ ಗುಡಿಸಲಿನ ಅಜ್ಜಿ ಒಲೆ ನೋಡಿಕೊಳ್ಳುತ್ತಾಳೆ. ಫೋನು ರಿಂಗಾಯಿತು. ಅಜ್ಜಿ ಅದನ್ನು ಮುಟ್ಟುವವಳಲ್ಲ, ಅದು ತನ್ನ ಮಾತು ಕೇಳುವುದಿಲ್ಲ ಎನ್ನುತ್ತಿದ್ದಳು. ನಾನೇ ಸೌಟು ಹಿಡಿದುಕೊಂಡು ಹೋಗಿ ಎತ್ತಿದೆ. ಮೈಸೂರಿನ ಆಸ್ಪತ್ರೆಯಿಂದ ಒಬ್ಬ ಹುಡುಗಿ. ಗಾಡಿಯಲ್ಲಿ ತೋರಿಸಿಕೊಂಡಿದ್ದಿರಲ್ಲ, ರಿಪೋರ್ಟಿನಲ್ಲಿ ಗಂಟು ಕಾಣಿಸುತ್ತಿದೆ, ತಡ ಮಾಡಬಾರದು, ಶುಕ್ರವಾರ ಬೆಳಿಗ್ಗೆ ಬರಲೇಬೇಕು ಎಂದಳು. ನಾನು ರೂಢಿಯಂತೆ ಕೇಳಿದೆ.

‘ಯಾರು ಬೇಕಾಗಿತ್ತು?’

‘ಈ ನಂಬರ್ ಕೊಟ್ಟಿದ್ದಾರಲ್ಲ, ಅವರೇ ಬರಬೇಕು ಮೇಡಂ,’ ಎಂದಳು.

ಹೆಸರು ಹೇಳಮ್ಮ ಎನ್ನುವಷ್ಟರಲ್ಲಿ ಟವರ್ ಹೋಯಿತು. ಬಂದ ನಂಬರಿಗೆ ತಿರುಗಿ ಮಾಡಿದೆ. ರಿಂಗಾಗುತ್ತದೆ, ಯಾರೋ ಎತ್ತುತ್ತಾರೆ, ಯಾವ ವಿಭಾಗ ಎಂದು ಕೇಳುತ್ತಾರೆ, ಇನ್ನೆಲ್ಲಿಗೋ ಕೊಡುತ್ತಾರೆ, ಹಾಡು ಬರುತ್ತದೆ, ನಿಲ್ಲುತ್ತದೆ. ಸಂಜೆಯ ತನಕ ಇದೇ ಆಯಿತು. ಈ ನಂಬರು ಕೊಟ್ಟವರು ಎಂದರೆ ಅಂದು ಗಾಡಿ ಹತ್ತಿದವರೆಲ್ಲ. ಅವರಲ್ಲಿ ಯಾರು?

ಮಾರನೆಯ ದಿನ ಹಾಡಿಯೊಳಗೆ ನಡೆಯುವಾಗ ಹೆಂಗಸರ ಮುಖವನ್ನು ನಾನು ನೋಡಿದ ರೀತಿ ನೆನೆದರೆ ನಾಚಿಕೆಯಾಗುತ್ತದೆ. ನೀರು ಹೊರುತ್ತಿದ್ದವಳನ್ನು ನಿಲ್ಲಿಸಿ ಸುಸ್ತಾಗುತ್ತದಾ ಎಂದು ಕೇಳಿದೆ. ನೀರು ಹೊತ್ತರೆ ಸುಸ್ತಾಗದೆ ಇನ್ನೇನು ಎಂದು ಅವಳು ನಕ್ಕಳು. ಎಲ್ಲರನ್ನೂ ಮೈಸೂರಿಗೆ ಕರೆದೊಯ್ಯಲೇ? ಶುಂಠಿ ಕೀಳುವ ಸಮಯ, ಯಾರು ಬರುತ್ತಾರೆ? ಎಲ್ಲರಿಗೂ ಹೇಳಿದರೆ ಎಲ್ಲರೂ ಹೆದರುತ್ತಾರೆ. ಹೇಳದಿದ್ದರೆ ಒಬ್ಬಳು ಸಾಯುತ್ತಾಳೆ. ರಾತ್ರಿ ನಮ್ಮ ಮನೆಯವರ ಹತ್ತಿರ ಹೇಳಿಕೊಂಡರೆ, ನಿನಗೆ ಇದೆಲ್ಲ ಯಾಕೆ, ಅವತ್ತೇ ನಂಬರು ಕೊಡಬಾರದಿತ್ತು ಎಂದರು. ಅವರೊಡನೆ ಮಾತು ಬಿಟ್ಟು ಮಲಗಿದೆ.

ಹಾಡಿಯಲ್ಲಿ ಎರಡು ಮಕ್ಕಳ ತಾಯಿಯೊಬ್ಬಳಿದ್ದಳು. ಆ ವರ್ಷ ಅವಳು ಕಣ್ಣಿಗೆ ಕಾಣುವಂತೆ ಇಳಿದುಹೋಗಿದ್ದಳು. ಎದೆ ಚುಚ್ಚುತ್ತದೆ ಎಂದು ಒಮ್ಮೆ ನನ್ನ ಬಳಿ ಹೇಳಿಯೂ ಇದ್ದಳು. ಬೇರೆ ಯಾವ ಆಧಾರವೂ ಇರಲಿಲ್ಲ, ನನ್ನ ಮನಸ್ಸು ಅವಳ ಮೇಲೆಯೇ ಕೂತುಬಿಟ್ಟಿತು. ಗುರುವಾರ ಅವಳ ಗುಡಿಸಲಿಗೆ ಹೋಗಿ, ಆಸ್ಪತ್ರೆಯಿಂದ ಫೋನು ಬಂದಿದೆ, ನಿನಗೇ ಇರಬೇಕು ಎಂದೆ. ‘ಇರಬೇಕು’ ಎನ್ನುವುದನ್ನು ಮೆಲ್ಲಗೆ ಹೇಳಿದೆನೇನೋ. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅಳಲೂ ಇಲ್ಲ. ಎದ್ದು ಹೋಗಿ ಕೋಳಿಗಳನ್ನು ಒಂದೊಂದಾಗಿ ಹಿಡಿದು, ಪಕ್ಕದ ಗುಡಿಸಲಿನ ಅಕ್ಕನಿಗೆ ಕೊಟ್ಟಳು. ಮಕ್ಕಳಿಗೆ ಮೊಟ್ಟೆ ಕೊಡುತ್ತಿರು ಎಂದಳು.

ಶುಕ್ರವಾರ ಹಾಡಿಯ ಅರ್ಧ ಜನ ಬಸ್ಸಿನ ತನಕ ಬಂದರು. ಅವಳು ದಾರಿಯುದ್ದಕ್ಕೂ ನನ್ನ ಸೆರಗು ಹಿಡಿದುಕೊಂಡೇ ಕೂತಿದ್ದಳು. ಮೈಸೂರು ತಲುಪಿ, ಆ ವಿಭಾಗ ಈ ವಿಭಾಗ ಎಂದು ಅಲೆದು, ಕೊನೆಗೆ ಸರಿಯಾದ ಕಿಟಕಿ ಸಿಕ್ಕಿತು. ಫೋನ್ ಮಾಡಿದ್ದ ಹುಡುಗಿಯೇ ಕೂತಿದ್ದಳು, ದನಿಯಿಂದ ಗೊತ್ತಾಯಿತು. ನಂಬರು ಹೇಳಿದೆ. ಅವಳು ಪಟ್ಟಿಯ ಮೇಲೆ ಬೆರಳಾಡಿಸಿ, ಕೆಂಪು ಗುರುತು ಹಾಕಿದ್ದ ಹೆಸರು ಓದಿದಳು. ಅದು ನನ್ನ ಹೆಸರು.

ಅಲ್ಲ, ನಾನು ಕರೆದುಕೊಂಡು ಬಂದವಳು, ಪೇಷೆಂಟ್ ಇವಳು ಎಂದೆ. ಹುಡುಗಿ ಮತ್ತೆ ಓದಿದಳು. ಹೆಸರು, ವಯಸ್ಸು, ಗಂಡನ ಹೆಸರು, ಬೀಚನಹಳ್ಳಿ. ಪಟ್ಟಿಯಲ್ಲಿ ಮೊದಲನೆಯದು. ಮೊದಲು ಗಾಡಿ ಹತ್ತಿದವಳು ನಾನೇ ಅಲ್ಲವೇ? ನನಗೆ ಭಯವಾಗಲಿಲ್ಲ. ನಿಜ ಹೇಳುತ್ತೇನೆ, ಮೊದಲು ಬಂದದ್ದು ಸಿಟ್ಟು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಪಟ್ಟಿ ಕಲೆಸಿಹೋಗಿದೆ, ಒಂದೇ ನಂಬರು ಇದ್ದದ್ದಕ್ಕೆ ನಿಮಗೆ ಗೊತ್ತಾಗಿಲ್ಲ, ಸರಿಯಾಗಿ ನೋಡಿ ಎಂದು ದನಿ ಎತ್ತಿ ಜಗಳವಾಡಿದೆ. ಆ ಹುಡುಗಿ ಪಾಪ, ಒಳಗೆ ಹೋಗಿ ಎದೆಯ ಫೋಟೋವನ್ನೇ ತಂದು ತೋರಿಸಿದಳು. ಮೂಲೆಯಲ್ಲಿ ನನ್ನ ಹೆಸರಿತ್ತು.

ಪಕ್ಕದಲ್ಲಿದ್ದವಳಿಗೆ ಆಗ ಅರ್ಥವಾಯಿತು. ಅವಳ ಮುಖದಲ್ಲಿ ನಗು ಬಂತು, ತಡೆಯಲಾಗದೆ ಬಂತು. ಮರುಗಳಿಗೆಗೆ ನನ್ನನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅವಳನ್ನು ನಾನು ಬೈಯಲಿಲ್ಲ. ಹಿಂದಿನ ದಿನದಿಂದ ಅವಳ ತಲೆಯ ಮೇಲೆ ಹೊರಿಸಿದ್ದು ನನ್ನದೇ ಹೊರೆ. ಕ್ಷಮಿಸು ಎನ್ನಬೇಕಿತ್ತು. ಅದನ್ನು ಬಿಟ್ಟು, ನಿನ್ನ ಕೋಳಿ ವಾಪಸ್ ಇಸಿದುಕೋ ಎಂದೆ. ಆ ಹೊತ್ತಿಗೆ ಬಾಯಿಗೆ ಬಂದದ್ದು ಅದು.

ಅಷ್ಟು ದಿನ ಎಲ್ಲರ ಮುಖದಲ್ಲೂ ಹುಡುಕಿದೆನಲ್ಲ, ನನ್ನ ಕೈ ಒಮ್ಮೆಯೂ ನನ್ನ ಎದೆಗೆ ಹೋಗಲಿಲ್ಲ ಯಾಕೆ? ಇದನ್ನು ಬಹಳ ಸಲ ಕೇಳಿಕೊಂಡಿದ್ದೇನೆ. ಆ ಫೋನಿಗೆ ನನಗಾಗಿ ಏನೂ ಬರುವುದಿಲ್ಲ ಎಂದು ನನಗೆ ಅಷ್ಟು ಖಾತ್ರಿಯಾಗಿತ್ತೋ, ಅಥವಾ ಒಳಗೆಲ್ಲೋ ಗೊತ್ತಿದ್ದೇ ಬೇರೆಯವರನ್ನು ಹುಡುಕಿದೆನೋ, ಈಗಲೂ ಹೇಳಲಾರೆ.

ಆಪರೇಷನ್ ಆಗಬೇಕು, ಹತ್ತು ದಿನ ಇರಬೇಕು ಎಂದರು. ಹೊರಡುವ ಹಿಂದಿನ ದಿನ ಹಾಡಿಗೆ ಹೋದೆ. ಬಟನ್ ಫೋನನ್ನು ಬಿಚ್ಚಿಕೊಂಡು ಚೀಲಕ್ಕೆ ಹಾಕಿದೆ. ಹೊಸ್ತಿಲ ತನಕ ಬಂದು ನಿಂತೆ. ಶುಂಠಿ ಹೊಲದಿಂದ ಫೋನು ಬಂದರೆ? ರೇಷನ್ನಿನ ಒಟಿಪಿ ಬಂದರೆ? ವಾಪಸ್ ಹೋಗಿ ಮತ್ತೆ ಕಟ್ಟಿದೆ. ಅಜ್ಜಿಯ ಕೈಗೆ ಅಂಗನವಾಡಿಯ ಬೀಗದ ಕೈ ಕೊಟ್ಟು, ಹಸಿರು ಬಟನ್ ಒತ್ತುವುದು, ಕಿವಿಗಿಡುವುದು, ಯಾರು ಬೇಕಾಗಿತ್ತು ಎಂದು ಕೇಳುವುದು, ಎಲ್ಲ ಹೇಳಿಕೊಟ್ಟೆ. ಅಜ್ಜಿ ಬೇಡವೇ ಬೇಡ ಎಂದಳು. ನಾನು ಕೇಳಲಿಲ್ಲ. ನನ್ನ ಫೋನನ್ನು ಯಾರಿಗೋ ಬಿಟ್ಟು ಆಸ್ಪತ್ರೆಗೆ ಹೊರಟ ನನ್ನನ್ನು ನಮ್ಮ ಮನೆಯವರು ಮೇಲಿಂದ ಕೆಳಗೆ ನೋಡಿದರು.

ಆಪರೇಷನ್ನಿನ ದಿನ ಬೆಳಿಗ್ಗೆ ಹಸಿರು ಅಂಗಿ ಹಾಕಿ ಮಂಚದ ಮೇಲೆ ಕೂರಿಸಿದ್ದರು. ನೀರು ಕುಡಿಯುವಂತಿಲ್ಲ, ಗಂಟಲು ಒಣಗಿ ದನಿ ಹೊರಡುತ್ತಿರಲಿಲ್ಲ. ಆಗ ಹತ್ತಿಕೊಂಡಿತು ಭಯ. ಯಾರೊಡನೆಯಾದರೂ ಮಾತಾಡಬೇಕು ಎನಿಸಿ ನಮ್ಮ ಮನೆಯವರ ಫೋನು ಇಸಿದುಕೊಂಡೆ. ಬೆರಳಿಗೆ ಬಂದದ್ದು ನನ್ನದೇ ನಂಬರು. ಅದನ್ನು ನಾನು ಒತ್ತಿದ್ದು ಅದೇ ಮೊದಲು. ಬಹಳ ಹೊತ್ತು ರಿಂಗಾಯಿತು. ಆಮೇಲೆ ಏನೋ ಬಿದ್ದ ಸದ್ದು, ಮಕ್ಕಳ ಗಲಾಟೆ, ಅಜ್ಜಿಯ ದೊಡ್ಡ ಗಂಟಲು.

‘ಯಾರ್ ಬೇಕಾಗಿತ್ತು?’

ಟೀಚರ್ ಎಂದೆ. ನಾನು ಟೀಚರ್ ಎನ್ನಲು ಹೋಗಿದ್ದೆ, ಅಷ್ಟೇ ಹೊರಟಿತು.

‘ಟೀಚರ್ ಇಲ್ಲ ಕಣವ್ವ. ಮೈಸೂರ್ ಆಸ್ಪತ್ರೆಗೆ ಓಗವ್ರೆ. ಏನೂ ಆಗಕಿಲ್ಲ ಬುಡು ಅವ್ರಿಗೆ, ಬಂದೇ ಬತ್ತಾರೆ. ಅತ್ತು ದಿನ ಬುಟ್ಟು ಮಾಡು, ಕರೀತೀನಿ.’

ಆಗಲಿ ಎಂದೆ. ಅಜ್ಜಿಗೆ ಫೋನು ಇಡುವುದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವಳು ಮಕ್ಕಳನ್ನು ತಿಂಡಿಗೆ ಕೂರಿಸುವುದು ಸ್ವಲ್ಪ ಹೊತ್ತು ಕೇಳಿಸುತ್ತಿತ್ತು. ನಮ್ಮ ಮನೆಯವರು ಹತ್ತಿರ ಬಂದು, ಯಾರು ಮಾತಾಡಿದ್ದು, ಏನಂತೆ ಎಂದು ಕೇಳಿದರು.

ನಾನು ಅಲ್ಲಿಲ್ಲವಂತೆ, ಹತ್ತು ದಿನ ಬಿಟ್ಟು ಬರುತ್ತೇನಂತೆ ಎಂದೆ.