ಅಣ್ಣ ತುಂಬಿಸಿದ ಉಡಿ

ದೇಶದ ಹೆಣ್ಣುಮಕ್ಕಳ ರಗ್ಬಿ ತಂಡ ಕಟ್ಟಿದ ಹೊಸತರಲ್ಲೇ ನಾನು ಅದರಲ್ಲಿದ್ದೆ. ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಮುಂದಕ್ಕೆ ಓಡಬೇಕು, ಆದರೆ ಹಿಂದಿದ್ದವರಿಗೇ ಎಸೆಯಬೇಕು, ಅಂಥ ಆಟ. ಶ್ರೀರಾಮನಗರದ ನಮ್ಮ ಓಣಿಯ ಹೆಂಗಸರಿಗೆ ಹೇಳಿದರೆ, "ಮುಂದಿದ್ದವರಿಗೆ ಕೊಟ್ರ ಏನ್ ಗಂಟ ಹೋಗತೈತವ್ವಾ?" ಎಂದು ನಗುತ್ತಿದ್ದರು. ನಕ್ಕರೆ ನಗಲಿ. ಓಡುವವರ ಕಾಲು ಹಿಡಿದು ಕೆಡವುವುದು ನನಗೆ ಕಬಡ್ಡಿಯಿಂದಲೇ ಬಂದಿತ್ತು. ಭತ್ತ ಕೊಯ್ದ ಗದ್ದೆಯಲ್ಲಿ ಅದನ್ನು ಕಲಿಸಿದವನು ನನ್ನ ಅಣ್ಣ. ಊರು ಬಾಯಿಗೆ ಬಂದಂತೆ ಆಡಿಕೊಂಡಾಗಲೂ ಮೊದಲ ಶಿಬಿರಕ್ಕೆ ನನ್ನ ಜೊತೆ ರೈಲು ಹತ್ತಿದವನು ಅವನೇ.

ಮೊದಲ ಸಲ ಹೊರದೇಶಕ್ಕೆ ಹೋಗಿ, ಎಲ್ಲ ಪಂದ್ಯ ಸೋತು, ಭುಜ ಉಳುಕಿಸಿಕೊಂಡು ಬಂದೆ. ಉಡಿ ತುಂಬದೆ ಮಗಳನ್ನು ಗಡಿ ದಾಟಿಸಿದ್ದಕ್ಕೇ ಹೀಗಾಯಿತೆಂದು ಅವ್ವ ಕೊರಗಿದಳು. ಎರಡನೆಯ ಸಲ ಆಯ್ಕೆಯಾದಾಗ ನಾನು ಕೊಪ್ಪಳದ ಹಾಸ್ಟೆಲಿನಲ್ಲಿದ್ದೆ. ಅಣ್ಣ ಫೋನ್ ಮಾಡಿದ. "ಅವ್ವ ಈ ಸಲ ಉಡಿ ತುಂಬೇ ಕಳಸ್ತಾಳಂತ. ಒಂದ್ ದಿನ ಬಂದ್ ಹೋಗು." ನನಗೂ ಹಿಗ್ಗಾಯಿತು.

ಗಂಗಾವತಿ ಬಸ್ ನಿಲ್ದಾಣಕ್ಕೆ ಗಾಡಿ ತಂದು ಅವನೇ ಕರೆದೊಯ್ದ. ಮನೆ ತುಂಬ ಹೆಂಗಸರು. ಅವ್ವ ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದಳು. ಗುರುತಿಲ್ಲದ ಹಿರಿಯ ಹೆಂಗಸೊಬ್ಬಳು ಮುಂದೆ ಬಂದಳು. ದೂರದ ಬಳಗವಿರಬೇಕೆಂದು ಸೆರಗೊಡ್ಡಿದೆ. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನಕೊಂಬು ಹಾಕಿ, ಬಾಯಿಗೆ ಸಕ್ಕರೆ ಇಟ್ಟು, "ಇನ್ ಮ್ಯಾಲೆ ನೀ ನಮ್ಮ ಯಲಬುರ್ಗಿ ಮನಿ ಸೊಸಿ" ಎಂದಳು. ನಮ್ಮಲ್ಲಿ ಗಂಡಿನವರು ಉಡಿ ತುಂಬಿದರೆ ಮದುವೆ ಗಟ್ಟಿಯಾದಂತೆ.

ಎದ್ದು ಹೋಗಬಹುದಿತ್ತಲ್ಲ ಎಂದು ಈಗಿನ ಹುಡುಗಿಯರು ಕೇಳುತ್ತಾರೆ. ಎದ್ದರೆ ಉಡಿಯ ಅಕ್ಕಿ ನೆಲಕ್ಕೆ ಚೆಲ್ಲುತ್ತದೆ. ಅದಕ್ಕಿಂತ ದೊಡ್ಡ ಅಪಶಕುನ ನಮ್ಮವರಿಗಿಲ್ಲ. ಮೈಮೇಲೆ ಬಿದ್ದ ಮೂವರನ್ನು ಕೊಡವಿ ಓಡಿದವಳು ಹಿಡಿ ಅಕ್ಕಿಗೆ ಅಲುಗಾಡದೆ ಕೂತೆ. ಅಣ್ಣ ಬಂದವರಿಗೆ ಚಹಾ ಕೊಡುತ್ತಿದ್ದ.

ಅವರೆಲ್ಲ ಹೋದ ಮೇಲೆ ಅಣ್ಣನನ್ನು ಕೇಳಿದೆ: "ಹಿಂಗ್ಯಾಕ್ ಮಾಡಿದಿ?"

"ಭಾಳ ಛಲೋ ಮನಿತನ ಐತಿ. ಆಟ ಎಷ್ಟ್ ದಿನ ಅನ್ನ ಹಾಕತೈತಿ?"

ಅವ್ವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆಕೆಗೆ ಆ ಆಟ ಎಂದೂ ಸೇರಿರಲಿಲ್ಲ, ಸೇರುತ್ತದೆಂದು ನಟಿಸಿಯೂ ಇರಲಿಲ್ಲ. ನಂಬಿಸಿ ಕತ್ತು ಕೊಯ್ದವನು ಅಣ್ಣ. ಆದರೂ ಆಸೆ ಬಿಡಲಿಲ್ಲ. ಮದುವೆಗೆ ಇನ್ನೂ ಸಮಯವಿತ್ತು. ಇದೊಂದು ಸಲ ಆಡಿ ಬಂದುಬಿಡೋಣವೆಂದು ಅವನೆದುರಿಗೇ ತರಬೇತುದಾರರಿಗೆ ಫೋನ್ ಹಚ್ಚಿದೆ. ಅವರು ಮೈಸೂರು ಕಡೆಯವರು.

"ನಿಮ್ಮಣ್ಣ ಹೋದ ವಾರವೇ ಫೋನ್ ಮಾಡಿದ್ರಲ್ಲಮ್ಮ, ನೀನು ಇನ್ನು ಆಡಲ್ಲ ಅಂದಿದ್ದೀಯ ಅಂತ. ನಿನ್ನ ಜಾಗಕ್ಕೆ ಬೇರೆ ಹುಡುಗಿ ಬಂದಾಯ್ತು."

ಆ ವಾರವೆಲ್ಲ ನಾನು ಕೊಪ್ಪಳದ ಮೈದಾನದಲ್ಲಿ ಒಬ್ಬಳೇ ಓಡಿದ್ದೆ. ದಿನಾ ಸಂಜೆ ಅಣ್ಣ ಫೋನ್ ಮಾಡಿ, ಎಷ್ಟು ಸುತ್ತು ಓಡಿದೆ ಎಂದು ಕೇಳಿದ್ದ. ಹೇಳಿದರೆ, "ಸಾಲಂಗಿಲ್ಲ, ನಾಳೆ ಇನ್ನೊಂದ್ ಸುತ್ತ ಹೆಚ್ಚಿಗಿ ಓಡು" ಎಂದಿದ್ದ.