ಮಾಮಿ ಹೊತ್ತ ಮೊಟ್ಟೆಯ ಅಪವಾದ

ಮೊನ್ನೆ ಇಂದಿರಾನಗರದ ನಮ್ಮ ಫ್ಲ್ಯಾಟಿನಲ್ಲಿ ಬೆಕ್ಕಿನ ಸ್ನಾನಕ್ಕೆಂದು ಡಾಕ್ಟರು ಕೊಟ್ಟ ಗಂಧಕದ ಔಷಧಿಯನ್ನು ನೀರಿಗೆ ಬೆರೆಸಿದೆ. ಕೊಳೆತ ಮೊಟ್ಟೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಹಲಸೂರಿನ ವಠಾರ, ಎದುರು ಮನೆಯ ಮಾಮಿ, ಅವರ ಬೂದು ಬೆಕ್ಕು ಎಲ್ಲ ನೆನಪಾದವು...

ತೊಂಬತ್ತರ ದಶಕ. ನಾನು ಮದುವೆಯಾಗಿ ಧಾರವಾಡದಿಂದ ಆ ವಠಾರಕ್ಕೆ ಆಗಷ್ಟೇ ಬಂದಿದ್ದೆ. ಮೊಟ್ಟೆ ಮುಟ್ಟುವವರಿಗೆ ನಮ್ಮ ಓನರ್ ಮನೆಯನ್ನೇ ಕೊಡುತ್ತಿರಲಿಲ್ಲ. ಒಂಟಿಯಾಗಿದ್ದ ಮಾಮಿಯದು ಅವರಿಗಿಂತ ಹೆಚ್ಚಿನ ಮಡಿ. ಆದರೆ ಆ ಮಡಿಯೆಲ್ಲ ಬೆಕ್ಕಿನ ಮುಂದೆ ನಡೆಯುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಬೆಕ್ಕಿನ ಕಿವಿಯಂಚಿನ ಕೂದಲುದುರಿ, ಹಕ್ಕಳೆ ಕಟ್ಟಿ, ಮುಖಕ್ಕೆಲ್ಲ ಕಜ್ಜಿ ಹಬ್ಬಿತು. ವಠಾರದವರೂ ಮೈ ಕೆರೆದುಕೊಳ್ಳತೊಡಗಿದರು. ಕೆಲವರಿಗೆ ನಿಜವಾದ ಕಡಿತ, ಉಳಿದವರಿಗೆ ನೋಡಿಯೇ ಕಡಿತ.

"ಮಕ್ಳಿರೋ ಜಾಗ ಮಾಮಿ. ಚೀಲಕ್ಕೆ ಹಾಕಿ ಕೆ.ಆರ್. ಪುರಂ ಆಚೆ ಬಿಡಿಸ್ಬಿಡ್ತೀನಿ" ಎಂದರು ಓನರ್. ಹಾಗೆ ಹೋದ ಬೆಕ್ಕುಗಳು ತಿರುಗಿ ಬಂದದ್ದಿಲ್ಲ.

"ನಾನೇ ಬಿಟ್ಟು ಬರ್ತೀನಿ" ಎಂದು ಮಾಮಿ ಬುಟ್ಟಿ ಹಿಡಿದು ಹೋದವರು, ದನದಾಸ್ಪತ್ರೆಗೆ ಹೋಗಿ, ಒಳಗಿನ ಬೆಕ್ಕು ಕಾಣದಂತೆ ಬುಟ್ಟಿಯ ಮೇಲೆ ಸೊಪ್ಪು ಹರಡಿಕೊಂಡು ವಾಪಸಾದರು. ಗುಟ್ಟು ನನಗೊಬ್ಬಳಿಗೇ ಗೊತ್ತು. ಡಾಕ್ಟರು ಹೇಳಿದಂತೆ ಕಜ್ಜಿಗೆ ಕಾರಣ ಕಣ್ಣಿಗೆ ಕಾಣದ ಹುಳವಂತೆ. ವಾರಕ್ಕೊಮ್ಮೆ ಗಂಧಕದ ನೀರಿನ ಸ್ನಾನ; ಮೈ ಒಣಗುವ ತನಕ ನೆಕ್ಕಲು ಬಿಡಬಾರದು; ಅದು ಮಲಗುವ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು.

ಮೊದಲ ಸ್ನಾನದ ದಿನವೇ ಓನರ್ ಬಾಗಿಲು ಬಡಿದರು. "ಏನ್ ಮಾಮಿ, ಮೊಟ್ಟೆ ವಾಸನೆ?"

ಮಾಮಿ ಬಾಗಿಲನ್ನು ಒಂದಿಷ್ಟೇ ತೆರೆದರು. "ಹೌದು, ಮೊಟ್ಟೆನೇ. ಶಕ್ತಿಗೆ ಅಂತ ತಂದೆ. ಕೊಳ್ತೋಗಿತ್ತು."

"ಇನ್ನೊಂದ್ಸಲ ಆದ್ರೆ ಮನೆ ಖಾಲಿ ಮಾಡ್ಬೇಕಾಗತ್ತೆ."

ಮರುದಿನದಿಂದ ಅವರ ಉಪ್ಪಿನಕಾಯಿಗೆ ಬಟ್ಟಲು ಹಿಡಿದು ಬರುತ್ತಿದ್ದವರು ಯಾರೂ ಬರಲಿಲ್ಲ. "ಖರೇ ಹೇಳಿಬಿಡ್ರಿ ಮಾಮಿ" ಎಂದೆ.

"ಹೇಳಿದ್ರೆ ಚೀಲ ತರ್ತಾರಮ್ಮ. ಮೊದ್ಲು ಇದು ವಾಸಿಯಾಗ್ಲಿ. ನನ್ನ ಮಡಿ ಆಮೇಲೆ ನೋಡ್ಕೋತೀನಿ."

ಉಳಿದ ಸ್ನಾನಗಳೆಲ್ಲ ಓನರ್ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ನಮ್ಮ ಬಚ್ಚಲಲ್ಲಿ ನಡೆದವು. ಮಾಮಿ ಮುಂಗೈ ತುಂಬ ಪರಚಿಸಿಕೊಂಡು ಬೆಕ್ಕನ್ನು ಅದ್ದಿ ತೆಗೆಯುತ್ತಿದ್ದರೆ, ನಾನು ವಾಸನೆ ಮುಚ್ಚಲು ಇಂಗಿನ ಒಗ್ಗರಣೆ ಹಾಕುತ್ತಿದ್ದೆ. ಆ ದಿನಗಳಲ್ಲಿ ನಮ್ಮವರು ತಿಂದ ಒಗ್ಗರಣೆಗೆ ಲೆಕ್ಕವಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಬೆಕ್ಕು ಕಾಂಪೌಂಡಿನ ಮೇಲೆ ಬಿಸಿಲು ಕಾಯುತ್ತ ಕುಳಿತಿತ್ತು. ಕಿವಿ ತುಂಬ ಹೊಸ ಕೂದಲು. ಓನರ್ ಅದನ್ನೇ ನೋಡಿದರು. "ತಾನೇ ವಾಪಸ್ ಬಂತು" ಎಂದರು ಮಾಮಿ. ಚೀಲದ ಮಾತು ಮತ್ತೆ ಬರಲಿಲ್ಲ. ಮೊಟ್ಟೆಯ ಮಾತು ಮಾತ್ರ ಕೊನೆಯವರೆಗೂ ಉಳಿಯಿತು. ಮಾಮಿಯೂ ಅದನ್ನು ತಿದ್ದಲು ಹೋಗಲಿಲ್ಲ.

ಈಗ ಆ ವಠಾರವಿಲ್ಲ. ಮಾಮಿಯೂ ಇಲ್ಲ...

ಮೊನ್ನೆ ಪಕ್ಕದ ಫ್ಲ್ಯಾಟಿನವರು ಮೂಗು ಮುಚ್ಚಿಕೊಂಡು ಬೆಲ್ ಮಾಡಿದರು. "ಏನ್ರೀ ಇದು, ಮೊಟ್ಟೆನಾ?"

ಬಾಗಿಲನ್ನು ಪೂರ್ತಿ ತೆರೆದೆ. "ಅಲ್ಲ ರೀ, ಬೆಕ್ಕಿಗೆ ಕಜ್ಜಿ, ಔಷಧಿ ಹಾಕ್ತಿದೀನಿ. ವಾಸಿಯಾಗೋ ತನಕ ವಾರವಾರ ಈ ವಾಸನೆ ಬರುತ್ತೆ" ಎಂದೆ. ಹೀಗೆ ಹೇಳಿದೆನೆಂದು ಮಾಮಿಗೆ ತಿಳಿಸಬೇಕೆನಿಸಿತು. ಒದ್ದೆ ಕೈಯಲ್ಲೇ ಬೆಕ್ಕಿನ ಬಳಿಗೆ ಮರಳಿದೆ.